ಲ್ಯಾಪ್‌ಟಾಪ್ ಮೇಲೆ ಚೆಲ್ಲಿದರೆ ಒರೆಸುವ ಮೊದಲು ಕರೆಂಟ್ ತೆಗೆಯಿರಿ

ಈಗಷ್ಟೇ ಚೆಲ್ಲಿಕೊಂಡು ಗಾಬರಿಯಲ್ಲಿದ್ದರೆ ಓದುವುದು ಆಮೇಲೆ. ಗೋಡೆಯ ಸ್ವಿಚ್ ಆಫ್ ಮಾಡಿ, ಚಾರ್ಜರ್ ಪಿನ್ ಕಿತ್ತುಬಿಡಿ. ಪವರ್ ಬಟನ್ ಒತ್ತಿ ಹಿಡಿದುಕೊಳ್ಳಿ. ಸಾಮಾನ್ಯವಾಗಿ 10 ಸೆಕೆಂಡಿನೊಳಗೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ. ಫೈಲ್ ಸೇವ್ ಮಾಡಲು ಹೋಗಬೇಡಿ, ಶಟ್‌ಡೌನ್ ಮೆನು ಹುಡುಕಬೇಡಿ. ಮೌಸ್, ಪೆನ್‌ಡ್ರೈವ್, ಡಾಂಗಲ್ ಏನೇನು ಚುಚ್ಚಿದ್ದೀರೋ ಎಲ್ಲ ತೆಗೆಯಿರಿ. ಓದುತ್ತಾ ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಬೋರಲು ಇಡುತ್ತೇವಲ್ಲ, ಹಾಗೆ ಪರದೆ ತೆರೆದಂತೆಯೇ ಲ್ಯಾಪ್‌ಟಾಪನ್ನು ಟವೆಲ್ ಮೇಲೆ ಕವುಚಿ ನಿಲ್ಲಿಸಿ. ಪರದೆ ಮುಚ್ಚಬೇಡಿ. ಮುಚ್ಚಿದರೆ ಕೀಬೋರ್ಡಿನ ಒದ್ದೆ ಪರದೆಗೂ ಹತ್ತುತ್ತದೆ. ಇಷ್ಟಾದ ಮೇಲೆ ಮುಂದಿನದನ್ನು ನಿಧಾನಕ್ಕೆ ಓದಬಹುದು.

ನಾನು ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುತ್ತೇನೆ. ಕೌಂಟರ್ ನನ್ನ ತಮ್ಮನದು, ಒಳಗೆ ಬೋರ್ಡ್ ಕೆಲಸ ನನ್ನದು. ಬೋರ್ಡ್ ಅಂದರೆ ಲ್ಯಾಪ್‌ಟಾಪಿನ ಒಳಗೆ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆ, ಮದರ್‌ಬೋರ್ಡ್. 2020ರ ಲಾಕ್‌ಡೌನ್ ಆದಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬೆಂಗಳೂರಿನಲ್ಲಿದ್ದ ಹುಡುಗ ಹುಡುಗಿಯರು ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಮನೆಗಳಿಗೆ ಬಂದು ಜಗುಲಿಯಲ್ಲಿ ಕೂತು ಆಫೀಸ್ ಕೆಲಸ ಮಾಡತೊಡಗಿದರು. ಮಳೆಗಾಲ, ಚಳಿ, ಪಕ್ಕದಲ್ಲಿ ಕಷಾಯದ ಲೋಟ. ಈಗಲೂ ವಾರದಲ್ಲಿ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುವವರು ಬಹಳ ಇದ್ದಾರೆ. ಜೂನ್ ಬಂತೆಂದರೆ ನನ್ನ ಟೇಬಲ್ ಮೇಲೆ ಜಾಸ್ತಿ ಬರುವುದು ಒದ್ದೆಯಾದ ಲ್ಯಾಪ್‌ಟಾಪ್‌ಗಳೇ.

ಫೋನ್ ಮಾತುಕತೆ ಹೆಚ್ಚುಕಮ್ಮಿ ಹೀಗಿರುತ್ತದೆ:

"ಅಕ್ಕಾ, ಲ್ಯಾಪ್‌ಟಾಪ್ ಮೇಲೆ ಕಾಫಿ ಬಿತ್ತು. ಎಂತ ಮಾಡ್ಲಿ?"

"ಚಾರ್ಜರ್ ತೆಗೆದ್ಯಾ?"

"ಇಲ್ಲ ಅಕ್ಕಾ, ಆನ್ ಇದೆ. ವರ್ಕ್ ಆಗ್ತಾ ಇದೆ. ಒರೆಸಿದೀನಿ."

ಈ "ವರ್ಕ್ ಆಗ್ತಾ ಇದೆ" ಅನ್ನುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ಹೊತ್ತಿಗೆ ಕಾಫಿ ಕೀಬೋರ್ಡಿನ ಪದರಗಳನ್ನು ದಾಟಿ ಬೋರ್ಡಿನ ಕಡೆ ಇಳಿಯುತ್ತಿರುತ್ತದೆ. ಬೋರ್ಡಿನಲ್ಲಿ ಕರೆಂಟ್ ಓಡುತ್ತಿರುತ್ತದೆ. ಅವೆರಡೂ ಸೇರುವ ಮೊದಲು ನಮಗೆ ಸಿಗುವುದು ಕೆಲವೇ ಕ್ಷಣ. ಆ ಕ್ಷಣಗಳಲ್ಲಿ ಎಲ್ಲರೂ ಮೊದಲು ಹುಡುಕುವುದು ಬಟ್ಟೆ. ಟೇಬಲ್ ಒರೆಸುತ್ತಾರೆ, ಕೀಬೋರ್ಡ್ ಒರೆಸುತ್ತಾರೆ, ಪಕ್ಕದ ಪುಸ್ತಕ ಎತ್ತಿಡುತ್ತಾರೆ. ಚಾರ್ಜರ್ ಹಾಗೇ ಇರುತ್ತದೆ.

ನೀರು ತಾನಾಗಿ ಬೋರ್ಡನ್ನು ಕೆಡಿಸುವುದು ಬಹಳ ಕಡಿಮೆ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಹಾಗಾಗಿ ನಾನು ಹೆಚ್ಚಾಗಿ ಮಾಡಿಯೇ ತೋರಿಸುತ್ತೇನೆ. ಸಕ್ಕರೆ ಹಾಕಿದ ಕಾಫಿ ಅಥವಾ ಕೋಲಾ ಬಿದ್ದ ಬೋರ್ಡ್ ಬಂದರೆ ಮೊದಲು ಬ್ಯಾಟರಿ ಬಿಚ್ಚಿ, ಫ್ಯಾನ್, ಸ್ಪೀಕರ್, ಪರದೆ ಎಲ್ಲ ಬೇರೆ ಮಾಡಿ, ಬೋರ್ಡನ್ನು ಮಾತ್ರ ಹೊರಗೆ ತೆಗೆಯುತ್ತೇನೆ. ಆಮೇಲೆ ಅದನ್ನು ನೀರಿನಲ್ಲೇ ತೊಳೆಯುತ್ತೇನೆ. ನಲ್ಲಿ ನೀರಲ್ಲ, ಡಿಸ್ಟಿಲ್ಡ್ ವಾಟರ್. ಮನೆಯ ಇನ್ವರ್ಟರ್ ಬ್ಯಾಟರಿಗೆ ಹಾಕಲು ಕ್ಯಾನಿನಲ್ಲಿ ಸಿಗುತ್ತದಲ್ಲ, ಅದೇ.

ಒಮ್ಮೆ ಸಾಗರದಿಂದ ಬಂದಿದ್ದ ಮೇಷ್ಟ್ರೊಬ್ಬರು ಇದನ್ನು ನೋಡಿ ಎದ್ದು ನಿಂತುಬಿಟ್ಟರು. "ಏನಮ್ಮಾ ಇದು, ನೀರು ಬಿದ್ದು ಕೆಟ್ಟಿದ್ದನ್ನ ನೀರಲ್ಲೇ ಅದ್ದುತೀಯಲ್ಲ?"

"ಇದರಲ್ಲಿ ಈಗ ಕರೆಂಟ್ ಇಲ್ಲ ಸರ್. ಕರೆಂಟ್ ಇಲ್ಲದ ಬೋರ್ಡಿಗೆ ನೀರು ಏನೂ ಮಾಡಲ್ಲ. ಒಳಗೆ ಉಳಿದಿರೋ ಸಕ್ಕರೆ, ಹಾಲು ಮಾತ್ರ ತೆಗೀಬೇಕು."

ಸಕ್ಕರೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆಲ್ಕೋಹಾಲಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದಕ್ಕೇ ಮೊದಲು ನೀರು, ಆಮೇಲೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದ್ದು. ಅದು ಉಳಿದ ನೀರನ್ನು ಎಳೆದುಕೊಂಡು ಆರಿಹೋಗುತ್ತದೆ. ಬೋರ್ಡ್ ತಯಾರಾಗುವ ಕಾರ್ಖಾನೆಗಳಲ್ಲೂ ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್ ಅನ್ನುವ ಅಂಟನ್ನು ತೆಗೆಯಲು ಶುದ್ಧ ನೀರಿನಲ್ಲಿ ತೊಳೆಯುವ ಪದ್ಧತಿ ಇದೆ. ಮೇಷ್ಟ್ರು ಆವತ್ತು ಮಧ್ಯಾಹ್ನದ ತನಕ ಕೂತು ಇಡೀ ಕೆಲಸ ನೋಡಿದರು. ಲ್ಯಾಪ್‌ಟಾಪ್ ಆನ್ ಆದಾಗ ಅವರಿಗಾದ ಖುಷಿ ನನಗೂ ಆಯಿತು.

ಹಾಗಾದರೆ ಕೆಡಿಸುವುದು ಏನು? ಬೋರ್ಡಿನ ಮೇಲೆ ಎಳೆದಿರುವ ತಾಮ್ರದ ಗೆರೆಗಳು ಕೆಲವು ಕಡೆ 0.1 ಮಿಲಿಮೀಟರ್ ಅಗಲವಷ್ಟೇ ಇರುತ್ತವೆ. ಕೆಪಾಸಿಟರ್ ಅನ್ನುವ ಪುಟ್ಟ ಬಿಡಿಭಾಗಗಳಲ್ಲಿ ಕೆಲವು ಬರೀ 0.6 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ. ಪಕ್ಕಪಕ್ಕದ ಎರಡು ತುದಿಗಳಲ್ಲಿ ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ನಡುವೆ ಉಪ್ಪೋ ಖನಿಜವೋ ಇರುವ ನೀರು ಕೂತರೆ ಪ್ಲಸ್ ಕಡೆಯ ತಾಮ್ರ ಕರಗಿ ಮೈನಸ್ ಕಡೆಗೆ ಹೋಗಿ ಕೂರುತ್ತದೆ. ಕರಗಿದ ಕಡೆ ಗೆರೆ ತುಂಡಾಗುತ್ತದೆ, ಕೂತ ಕಡೆ ಸಣ್ಣ ಎಳೆ ಬೆಳೆದು ಶಾರ್ಟ್ ಆಗುತ್ತದೆ. ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ತಾಮ್ರದ ಚೊಂಬಿಗೆ ಕಿಲುಬು ಹತ್ತಲು ತಿಂಗಳುಗಳೇ ಬೇಕು. ಕರೆಂಟ್ ಇದ್ದರೆ ಬೋರ್ಡಿನಲ್ಲಿ ಅದು ಎಷ್ಟೋ ಬೇಗ ಆಗುತ್ತದೆ.

ಇದಕ್ಕಿಂತ ಬೇಗ ಆಗುವ ಅನಾಹುತ ಇನ್ನೊಂದಿದೆ. ಚಾರ್ಜರಿನಿಂದ ಬರುವುದು 19 ಅಥವಾ 20 ವೋಲ್ಟ್. ಪ್ರೊಸೆಸರ್ ನಡೆಯುವುದು ಸುಮಾರು 1 ವೋಲ್ಟಿನಲ್ಲಿ. ಪರದೆಯ ಬೆಳಕಿಗೆ ಹೋಗುವ ಲೈನಿನಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 50 ವೋಲ್ಟ್ ಹತ್ತಿರ ಇರುತ್ತದೆ, ಅದೇ ಕನೆಕ್ಟರಿನಲ್ಲಿ ಚಿತ್ರದ ಡೇಟಾ ಲೈನ್‌ಗಳೂ ಹೋಗುತ್ತವೆ. ಅಲ್ಲಿ ಒಂದು ಹನಿ ಕೂತರೆ ದೊಡ್ಡ ವೋಲ್ಟೇಜ್ ಚಿಕ್ಕ ಲೈನಿಗೆ ಹಾರಿ ಪ್ರೊಸೆಸರ್ ತನಕ ಹೋಗಬಹುದು. ಹಾಗೆ ಸುಟ್ಟ ಬೋರ್ಡನ್ನು ಉಳಿಸುವುದು ಬಹಳ ಕಷ್ಟ. ಅದಕ್ಕೇ ಚಾರ್ಜರ್ ಮೊದಲು ತೆಗೆಯಿರಿ ಅಂತ ಅಷ್ಟು ಒತ್ತಿ ಹೇಳುವುದು.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿದರೂ ಬೋರ್ಡಿನಲ್ಲಿ ಕರೆಂಟ್ ಪೂರ್ತಿ ನಿಲ್ಲುವುದಿಲ್ಲ. ಬ್ಯಾಟರಿ ಒಳಗೇ ಸಿಕ್ಕಿಸಿರುತ್ತದೆ. ಪವರ್ ಬಟನ್ ಒತ್ತಿದ್ದು ತಿಳಿಯಬೇಕಲ್ಲ, ಅದಕ್ಕೆ 3.3 ವೋಲ್ಟಿನ ಒಂದೆರಡು ಲೈನ್ ಸದಾ ಜೀವಂತ ಇರುತ್ತವೆ. ಬ್ಯಾಟರಿಯ ಕನೆಕ್ಟರ್ ಹತ್ತಿರವಂತೂ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಇರುತ್ತದೆ. ಎರಡು ದಿನ ಸುಮ್ನೆ ಆಫ್ ಮಾಡಿ ಇಟ್ಟೆ ಅನ್ನುವವರ ಲ್ಯಾಪ್‌ಟಾಪಿನಲ್ಲೂ ಆ ಎರಡು ದಿನ ಒಳಗೊಳಗೇ ಕಿಲುಬು ಬೆಳೆದಿರುತ್ತದೆ. ಹಾಗಾಗಿ ನಿಜವಾಗಿ ಕರೆಂಟ್ ತೆಗೆಯುವುದು ಅಂದರೆ ಬ್ಯಾಟರಿ ಕನೆಕ್ಟರ್ ಬಿಚ್ಚುವುದು.

ಹಳೆಯ ಮಾಡೆಲ್ ಆದರೆ ಬ್ಯಾಟರಿ ಕೆಳಗಿನಿಂದಲೇ ಜಾರಿಸಿ ತೆಗೆಯಬಹುದು. ಹೊಸದಾದರೆ ಹಿಂದಿನ ಕವರ್ ಬಿಚ್ಚಬೇಕು. ನಿಮ್ಮ ಹತ್ತಿರ ಸರಿಯಾದ ಸ್ಕ್ರೂಡ್ರೈವರ್ ಇದ್ದು, ಹಿಂದೆ RAM ಹಾಕಿಯೋ ಫ್ಯಾನ್ ಕ್ಲೀನ್ ಮಾಡಿಯೋ ಅಭ್ಯಾಸವಿದ್ದರೆ ನೀವೇ ಮಾಡಬಹುದು. ಯಾವ ಸ್ಕ್ರೂ ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಅದೇ ಜಾಗದಲ್ಲಿಟ್ಟುಕೊಳ್ಳಿ, ಉದ್ದ ಬೇರೆ ಬೇರೆ ಇರುತ್ತವೆ. ಕನೆಕ್ಟರನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಬಿಡಿಸಿ, ಲೋಹ ತಾಗಿಸಬೇಡಿ. ಅಭ್ಯಾಸವಿಲ್ಲದಿದ್ದರೆ ಹತ್ತಿರದ ರಿಪೇರಿಯವರ ಹತ್ತಿರ ಅಷ್ಟಾದರೂ ಅದೇ ದಿನ ಮಾಡಿಸಿ. ಬ್ಯಾಟರಿ ಬಿಚ್ಚಿದ ಲ್ಯಾಪ್‌ಟಾಪ್ ಎರಡು ದಿನ ಕಾಯುತ್ತದೆ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ತೆರೆಯಲೇಬೇಡಿ, ಐಟಿಯವರಿಗೆ ಕೂಡಲೇ ಫೋನ್ ಮಾಡಿ. ಸ್ವಂತದ್ದಾದರೂ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ತೆಗೆದುಕೊಂಡಿದ್ದರೆ ಮೊದಲು ಸರ್ವಿಸ್ ಸೆಂಟರಿಗೆ ಹೇಳಿ. ಮಾಮೂಲಿ ವಾರಂಟಿಯಲ್ಲಿ ನೀರು ಬಿದ್ದದ್ದಕ್ಕೆ ರಿಪೇರಿ ಸಿಗುವುದಿಲ್ಲ. ಕೆಲವು ಕಂಪನಿಗಳು ಒಳಗೆ ಚಿಕ್ಕ ಬಿಳಿ ಸ್ಟಿಕರ್ ಅಂಟಿಸಿರುತ್ತವೆ, ಒದ್ದೆಯಾದರೆ ಅದು ಕೆಂಪಾಗುತ್ತದೆ. ಹಾಗಾಗಿ ಏನೂ ಬಿದ್ದಿಲ್ಲ ಅಂತ ಹೇಳಿ ಪ್ರಯೋಜನವಿಲ್ಲ.

ಮ್ಯಾಕ್‌ಬುಕ್ ಇರುವವರಿಗೆ ಒಂದು ಮಾತು. ಈಚಿನ ಮ್ಯಾಕ್‌ಬುಕ್‌ಗಳು ಪರದೆ ತೆರೆದರೆ ಸಾಕು, ಯಾವುದಾದರೂ ಕೀ ಒತ್ತಿದರೂ ಸಾಕು, ಆನ್ ಆಗಿಬಿಡುತ್ತವೆ. ಆಫ್ ಮಾಡಿದ ಮೇಲೆ ಮುಚ್ಚಿ ತೆರೆದು ಮಾಡಬೇಡಿ, ಕೀಗಳನ್ನು ಒತ್ತಿ ಒರೆಸಬೇಡಿ. ಬಟ್ಟೆಯನ್ನು ಮೆಲ್ಲಗೆ ತಾಗಿಸಿ ಹೀರಿಸಿ.

ಕವುಚಿ ನಿಲ್ಲಿಸಲು ಹೇಳಿದ್ದಕ್ಕೂ ಕಾರಣ ಇದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡ್ ಇರುವುದು ಪರದೆಯ ಕೀಲಿನ ಕಡೆ, ಬ್ಯಾಟರಿ ಇರುವುದು ನಾವು ಅಂಗೈ ಊರುವ ಕಡೆ. ಹಾಗೆ ಇಟ್ಟಾಗ ಕೀಲು ಮೇಲಾಗುತ್ತದೆ, ಉಳಿದ ನೀರು ಬೋರ್ಡಿನಿಂದ ದೂರ ಇಳಿಯುತ್ತದೆ. ಥಿಂಕ್‌ಪ್ಯಾಡಿನಂಥ ಕೆಲವು ಮಾಡೆಲ್‌ಗಳಲ್ಲಿ ಕೀಬೋರ್ಡಿನಿಂದ ಕೆಳಕ್ಕೆ ನೀರು ಹರಿದುಹೋಗಲು ತೂತುಗಳೇ ಇವೆ. ಒಳ್ಳೆಯ ವಿನ್ಯಾಸ, ಎಷ್ಟೋ ಬೋರ್ಡ್‌ಗಳನ್ನು ಉಳಿಸಿದೆ. ಆದರೆ ಅದು ಸ್ವಲ್ಪ ನೀರಿಗೆ ಮಾಡಿದ್ದು. ಒಂದು ಚೊಂಬು ಮಜ್ಜಿಗೆಗೆ ಸಾಲದು.

ಮಜ್ಜಿಗೆ ಅಂದಮೇಲೆ, ಏನು ಚೆಲ್ಲಿತು ಅನ್ನುವುದು ಬಹಳ ಮುಖ್ಯ. ಫಿಲ್ಟರ್ ನೀರು ಆದರೆ ಪರವಾಗಿಲ್ಲ ಅನ್ನಬಹುದು. ಬೋರ್‌ವೆಲ್ ನೀರಿನಲ್ಲಿ ಖನಿಜ ಜಾಸ್ತಿ, ಆರಿದರೂ ಬಿಳಿ ಪುಡಿ ಬಿಟ್ಟುಹೋಗುತ್ತದೆ. ಸಕ್ಕರೆ ಹಾಕದ ಕಪ್ಪು ಟೀ ಅಷ್ಟು ಕೆಟ್ಟದ್ದಲ್ಲ. ಹಾಲು, ಬೆಲ್ಲ ಹಾಕಿದ ಕಷಾಯ ಕೀಗಳ ಕೆಳಗೆ ಅಂಟಾಗುತ್ತದೆ. ಬೆಲ್ಲ, ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಮ್ಮ ಮಳೆಗಾಲದಲ್ಲಿ ಆ ಅಂಟು ಆರುವುದೇ ಇಲ್ಲ. ಕೋಲಾದಲ್ಲಿ ಸಕ್ಕರೆಯ ಜೊತೆ ಫಾಸ್ಪರಿಕ್ ಆಸಿಡ್ ಕೂಡ ಇರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಸಾರು, ಎಳನೀರು ಇವು ಮೂರರಲ್ಲಿ ಯಾವುದು ಬಿದ್ದು ಬಂದರೂ ನಾನು ಬೇರೆ ಕೆಲಸ ಬಿಟ್ಟು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಳನೀರು ನಮ್ಮ ದೇಹಕ್ಕೆ ಒಳ್ಳೆಯದಾಗುವುದು ಅದರಲ್ಲಿರುವ ಪೊಟ್ಯಾಸಿಯಂ, ಸೋಡಿಯಂನಿಂದ. ಬೋರ್ಡಿಗೆ ಅವೇ ಶತ್ರು, ಯಾಕೆಂದರೆ ಕರೆಂಟ್ ಸಲೀಸಾಗಿ ಹರಿಯಲು ದಾರಿ ಮಾಡಿಕೊಡುತ್ತವೆ.

ಒಣಗಿಸುವ ವಿಷಯಕ್ಕೆ ಬರುತ್ತೇನೆ. ಅಕ್ಕಿ ಡಬ್ಬದಲ್ಲಿಡುವುದನ್ನು ದಯವಿಟ್ಟು ಬಿಡಿ. ಕೀಬೋರ್ಡಿನ ಕೆಳಗೆ, ಚಿಪ್ಪಿನ ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನು ಅಕ್ಕಿ ಹೊರಗೆ ಎಳೆಯಲಾರದು. ಅದರ ಹುಡಿ ಮಾತ್ರ ಪೋರ್ಟುಗಳಲ್ಲಿ, ಫ್ಯಾನಿನಲ್ಲಿ ಸೇರಿಕೊಳ್ಳುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳಿಂದ ಹಾನಿಯಾಗಬಹುದು ಅಂತ ಆಪಲ್ ಕಂಪನಿಯೇ 2024ರಲ್ಲಿ ತನ್ನ ಸೂಚನೆಯಲ್ಲಿ ಬರೆದಿತ್ತು. ಲ್ಯಾಪ್‌ಟಾಪಿಗೂ ಅದೇ ಮಾತು.

ಹೇರ್ ಡ್ರೈಯರ್ ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಕೀಗಳು ಸೊಟ್ಟಗಾಗುತ್ತವೆ. ನಮ್ಮ ಕಡೆ ಇನ್ನೊಂದು ಅಭ್ಯಾಸ ನೋಡಿದ್ದೇನೆ. ಮಳೆಗಾಲದಲ್ಲಿ ಏನೇ ಒಣಗಬೇಕಾದರೂ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ, ಇಲ್ಲವೇ ಅಡಿಕೆ ಡ್ರೈಯರಿಗೆ. ಹೊಸನಗರದ ಕಡೆಯ ಒಂದು ಮನೆಯವರು ಲ್ಯಾಪ್‌ಟಾಪನ್ನೂ ಅಡಿಕೆಯ ಜೊತೆ ಡ್ರೈಯರಿನಲ್ಲಿಟ್ಟಿದ್ದರು. ಅವರು ಹೇಗಾದರೂ ಉಳಿಸಬೇಕು ಅಂತಲೇ ಮಾಡಿದ್ದು. ಆದರೆ ಒಳಗೆ ಲೀಥಿಯಂ ಬ್ಯಾಟರಿ ಇದೆ, ಅದಕ್ಕೆ ಆ ಶಾಖ ಅಪಾಯ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ಎತ್ತಿತ್ತು. ಬೆಂಕಿ ಹತ್ತದಿದ್ದದ್ದು ಪುಣ್ಯ. ಒದ್ದೆಯಾದ ಲ್ಯಾಪ್‌ಟಾಪ್ ತಾನಾಗಿ ಬಿಸಿಯಾಗುತ್ತಿದ್ದರೆ, ಉಬ್ಬಿದ್ದರೆ, ಸಿಹಿಯಾದ ಕೆಮಿಕಲ್ ವಾಸನೆ ಬರುತ್ತಿದ್ದರೆ ಮನೆಯ ಹೊರಗೆ, ಸಿಮೆಂಟ್ ನೆಲದ ಮೇಲೆ, ಮಳೆ ತಾಗದ ಕಡೆ ಇಟ್ಟು ದೂರ ಇರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಸೀಲಿಂಗ್ ಫ್ಯಾನ್ ಗಾಳಿ ಸಾಕು. ಆದರೆ ಒಣಗಿದರೆ ಸರಿಹೋಯಿತು ಅಂತ ತಿಳಿಯಬೇಡಿ. ನೀರು ಆರುತ್ತದೆ, ಅದರೊಳಗಿನ ಉಪ್ಪು ಸಕ್ಕರೆ ಅಲ್ಲೇ ಕೂರುತ್ತದೆ. ಮಲೆನಾಡಿನ ಜುಲೈ ಗಾಳಿಯ ತೇವ ತಾಗಿದರೆ ಅದು ಮತ್ತೆ ಒದ್ದೆಯಾಗುತ್ತದೆ, ಕರೆಂಟ್ ಬಂದರೆ ಮತ್ತೆ ಕಿಲುಬು ಶುರುವಾಗುತ್ತದೆ. ಬೇಕಾಗಿರುವುದು ತೊಳೆಯುವುದು. ಬೋರ್ಡ್ ಹೊರಗೆ ತೆಗೆದು, ಮೃದುವಾದ ಬ್ರಷ್‌ನಲ್ಲಿ ಉಜ್ಜಿ, ಅಲ್ಟ್ರಾಸಾನಿಕ್ ಕ್ಲೀನರ್ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ) ಇದ್ದರೆ ಅದರಲ್ಲಿಟ್ಟು, ಮೈಕ್ರೋಸ್ಕೋಪ್ ಕೆಳಗೆ ಒಂದೊಂದು ಮೂಲೆ ನೋಡಿ, ಮಲ್ಟಿಮೀಟರಿನಲ್ಲಿ ಶಾರ್ಟ್ ಚೆಕ್ ಮಾಡಿದ ಮೇಲೇ ಕರೆಂಟ್ ಕೊಡಬೇಕು. ಮನೆಯಲ್ಲಿರುವ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಒರೆಸುವವರಿದ್ದಾರೆ. ಅದರಲ್ಲಿ ನೀರೂ ಇರುತ್ತದೆ, ಕೈ ಒಣಗದಿರಲಿ ಅಂತ ಗ್ಲಿಸರಿನ್ ಕೂಡ ಹಾಕಿರುತ್ತಾರೆ. ಬೋರ್ಡಿಗೆ ಬೇಡ.

ಕೀಬೋರ್ಡ್ ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ. ಒಳಗೆ ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು ಅಂಟಿರುತ್ತವೆ, ನಡುವೆ ಹೋದ ಕಾಫಿಯನ್ನು ತೆಗೆಯಲಾಗುವುದಿಲ್ಲ. ಬದಲಾಯಿಸುವುದೇ ಸರಿ. ಅಲ್ಲಿಯವರೆಗೆ ಯುಎಸ್‌ಬಿ ಕೀಬೋರ್ಡಿನಲ್ಲಿ ಕೆಲಸ ಮಾಡಬಹುದು.

ನಾನು ಇದನ್ನು ಬರೆಯಲು ಕೂತದ್ದಕ್ಕೆ ಒಬ್ಬ ಹುಡುಗಿ ಕಾರಣ. ಕೊಪ್ಪದ ಕಡೆಯವಳು, ಇಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್. "ಸುಮ್ನೆ ಇದ್ದಕ್ಕಿದ್ದ ಹಾಗೆ ಚಾರ್ಜ್ ಆಗೋದು ನಿಂತುಹೋಯ್ತು" ಅಂತ ತಮ್ಮನ ಹತ್ತಿರ ಬರೆಸಿದ್ದಳು. ಅಪ್ಪ ಜೊತೆಗೇ ಬಂದಿದ್ದರು. ತೆರೆದು ನೋಡಿದರೆ ಚಾರ್ಜಿಂಗ್ ಪೋರ್ಟಿನ ಸುತ್ತ ಹಸಿರು ಕಿಲುಬು, ಪಕ್ಕದ ಐಸಿಯ, ಅಂದರೆ ಚಿಪ್‌ನ, ಒಂದೆರಡು ಕಾಲು ತಿಂದುಹೋಗಿದ್ದವು. ಹೊಸದಾಗಿ ಆದದ್ದಲ್ಲ, ವಾರಗಟ್ಟಲೆ ಹಳೆಯದು.

ಒಳಗೆ ಕರೆದು ಮೆಲ್ಲಗೆ ಕೇಳಿದೆ. ಕಣ್ಣಲ್ಲಿ ನೀರು. "ಎಳನೀರು ಚೆಲ್ತು ಅಕ್ಕಾ. ಒರೆಸಿ ಇಟ್ಟೆ, ಬೆಳಿಗ್ಗೆ ಆನ್ ಆಯ್ತು. ಅಪ್ಪಂಗೆ ಹೇಳ್ಬೇಡಿ."

ನಾನು ಹೇಳಲಿಲ್ಲ. ನೀನೇ ಹೇಳು ಅಂದೆ. ಅವಳು ಹೊರಗೆ ಹೋಗಿ ಹೇಳಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತೇ ಹೇಳಿದ್ರೆ ಆವತ್ತೇ ತರ್ತಿದ್ನಲ್ಲ ಮಗಾ" ಅಂದರು.

ಅವರು ಹೇಳಿದ್ದು ಸರಿ. ಆವತ್ತೇ ತಂದಿದ್ದರೆ ತೊಳೆದು ಒಣಗಿಸಿ ಕೊಡುವ ಕೆಲಸ. ಈಗ ಐಸಿ ಬದಲಾಯಿಸಿ, ತುಂಡಾದ ಗೆರೆಗಳಿಗೆ ತಂತಿ ಎಳೆದು ಬೆಸೆಯಬೇಕಾಯಿತು. ಮಕ್ಕಳು ಹೆದರಿ ಮುಚ್ಚಿಡುತ್ತಾರೆ. ಆಫೀಸಿನವರು ಸಂಬಳದಲ್ಲಿ ಹಿಡಿಯುತ್ತಾರೇನೋ ಅಂತ ಮುಚ್ಚಿಡುತ್ತಾರೆ. ಮನೆಯಲ್ಲಿ ದೊಡ್ಡವರು ಮೊದಲ ಮಾತಿಗೇ ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ಅಲ್ವಾ? ನನ್ನ ಟೇಬಲ್ ಮೇಲೆ ಸತ್ತು ಬಂದ ಬೋರ್ಡ್‌ಗಳಲ್ಲಿ ಎಷ್ಟೋ ಈ ಹೆದರಿಕೆಯಿಂದ ತಡವಾದವು.

ಇನ್ನು ಫೋಟೋ, ಫೈಲ್‌ಗಳ ವಿಷಯ. ಬೋರ್ಡ್ ಸತ್ತರೂ ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಫೈಲ್‌ಗಳು ಇರುವ ಡ್ರೈವ್, ಅಂದರೆ ಎಸ್‌ಎಸ್‌ಡಿ, ಬೇರೆಯಾಗಿರುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದು. ಆದರೆ ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೀಗ ಹಾಕಿದಂತಿರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ತೆರೆಯಲು 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಒಂದು ಸಲ ಲಾಗಿನ್ ಆಗಿ ಅದನ್ನು ಬರೆದಿಟ್ಟುಕೊಳ್ಳಿ. ಆ ಅಕೌಂಟಿನ ಪಾಸ್‌ವರ್ಡ್ ನೆನಪಿಲ್ಲದೆ ಮದುವೆಯ ಫೋಟೋಗಳನ್ನೆಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ. ಡ್ರೈವ್ ಸರಿ ಇರುತ್ತದೆ, ತೆರೆಯಲು ಮಾತ್ರ ಆಗುವುದಿಲ್ಲ. ಅಂಥವರಿಗೆ ಏನು ಹೇಳಬೇಕೋ ತೋಚುವುದಿಲ್ಲ.

2018ರಿಂದ ಈಚೆಗೆ ಬಿಡುಗಡೆಯಾದ ಮ್ಯಾಕ್‌ಬುಕ್ ಏರ್, ಪ್ರೊಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ, ಆ ಬೋರ್ಡಿನ ಚಿಪ್ ಇಲ್ಲದೆ ಅದನ್ನು ಓದಲಾಗುವುದಿಲ್ಲ. ಅಲ್ಲಿ ಡೇಟಾ ಬೇಕೆಂದರೆ ಬೋರ್ಡಿಗೇ ಜೀವ ಬರಬೇಕು. ಮ್ಯಾಕ್‌ನಲ್ಲೇ ಬರುವ ಟೈಮ್ ಮಷೀನ್ ಅನ್ನುವ ಸೌಲಭ್ಯದಲ್ಲಿ ಬ್ಯಾಕಪ್ ಇಟ್ಟುಕೊಳ್ಳುವುದೊಂದೇ ನೆಮ್ಮದಿ.

ರಿಪೇರಿಯಾಗಿ ಬಂದ ಲ್ಯಾಪ್‌ಟಾಪಿನಲ್ಲೂ ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಬೇರೆ ಕೆಲಸ. ಚಿಪ್ಪಿನ ಅಡಿಯಲ್ಲಿ ಏನಾದರೂ ಉಳಿದಿದ್ದರೆ ಅದು ತಿಂಗಳು ಬಿಟ್ಟು ತೊಂದರೆ ಕೊಡಬಹುದು. ನಾವು ಎಷ್ಟೇ ಜಾಗ್ರತೆ ಮಾಡಿದರೂ ಅದನ್ನು ಪೂರ್ತಿ ಅಲ್ಲಗಳೆಯಲಾಗದು. ಗಿರಾಕಿಗಳಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೂರಕ್ಕೆ ನೂರು ಗ್ಯಾರಂಟಿ ಅನ್ನುವ ಅಂಗಡಿಯವರಿಗಿಂತ ಹೀಗೆ ಹೇಳುವವರ ಹತ್ತಿರ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ದೂರದಿಂದ ಬಸ್ಸಿನಲ್ಲಿ ಕಳಿಸುವವರಿಗೆ: ಬ್ಯಾಟರಿ ಉಬ್ಬಿದ್ದರೆ ಅಥವಾ ಬಿಸಿ ಇದ್ದರೆ ಕಳಿಸಲೇಬೇಡಿ, ಫೋನ್ ಮಾಡಿ. ಇಲ್ಲವಾದರೆ ಹತ್ತಿಯ ಟವೆಲಿನಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಚಾರ್ಜರ್ ಕೂಡ ಕಳಿಸಿ. ಜೊತೆಗೆ ಒಂದು ಚೀಟಿ ಇಡಿ: ಏನು ಚೆಲ್ಲಿತು, ಯಾವಾಗ ಚೆಲ್ಲಿತು, ಆಮೇಲೆ ಆನ್ ಮಾಡಿ ನೋಡಿದಿರಾ ಇಲ್ಲವಾ. ಚೀಟಿಯಲ್ಲಿ ಇದ್ದದ್ದು ಇದ್ದಂತೆ ಬರೆಯಿರಿ. ಬೋರ್ಡಿನ ಯಾವ ಕಡೆಯಿಂದ ಕೆಲಸ ಶುರು ಮಾಡಬೇಕು ಅನ್ನುವುದನ್ನು ನಾನು ಅದನ್ನು ನೋಡಿಯೇ ತೀರ್ಮಾನಿಸುವುದು.